ಅಂಗಿ ತೊಡಿಸೋದೂ ಒಂದು ಚಿಕಿತ್ಸೆ

‘ಆಕ್ಯುಪೇಶನಲ್ ಥೆರಪಿ’ ಅಂತ ಆಸ್ಪತ್ರೆಯ ಬೋರ್ಡಿನಲ್ಲಿ ಓದಿದಾಗ ನಮಗೆ ಮೊದಲು ನೆನಪಾಗಿದ್ದು ಪ್ಲೇಸ್‌ಮೆಂಟ್ ಸೆಲ್. ಕೆಲಸ ಸಿಗದವರಿಗೆ ಕೌನ್ಸೆಲಿಂಗ್ ಇರಬೇಕು ಅಂದುಕೊಂಡ್ವಿ. ಕ್ಲಾಸ್‌ಮೇಟ್‌ನ ಅಕ್ಕನ ಮಗನಿಗೆ ರಕ್ತ ಕೊಡಲು ನಾವು ನಾಲ್ಕು ಜನ ಹೋಗಿದ್ದೆವು. ಹುಡುಗನಿಗೆ ಐದು ವರ್ಷ, ರಕ್ತದ ಕ್ಯಾನ್ಸರ್, ವಾರ್ಡಿನಲ್ಲಿ ಮೂರನೇ ವಾರ.

ಅಕ್ಕ ಕಾರಿಡಾರಿಗೆ ಬಂದರು. ‘ಊಟ ಆಯ್ತಾ ಅಕ್ಕ?’ ಅಂದರೆ, ‘ಇಲ್ಲಿ ನಂಗೇನೂ ಕೆಲಸಾನೇ ಇಲ್ಲ ಕಣ್ರೋ’ ಅಂದರು. ನಾವು ಕೇಳಿದ್ದೇ ಬೇರೆ, ಅವರು ಹೇಳಿದ್ದೇ ಬೇರೆ. ಆಮೇಲೆ ಗೊತ್ತಾಯ್ತು, ಈ ಥೆರಪಿ ಶುರುವಾಗೋದೇ ಆ ಮಾತಿನಿಂದ.

ಇಲ್ಲಿ ಆಕ್ಯುಪೇಶನ್ ಅಂದ್ರೆ ಸಂಬಳದ ಉದ್ಯೋಗ ಅಲ್ಲ. ಸ್ನಾನ, ಊಟ, ನಿದ್ದೆ, ಆಟ, ಮಗುವಿನ ತಲೆ ಬಾಚೋದು, ಹೀಗೆ ನಮ್ಮ ದಿನವನ್ನು ತುಂಬುವ ಎಲ್ಲವೂ ಅದರಲ್ಲಿ ಸೇರುತ್ತೆ. ಮಗು ಅಡ್ಮಿಟ್ ಆದ ಮೇಲೆ ತಾಯಿಯ ಕೈಯಿಂದ ಇವೆಲ್ಲ ಒಂದೊಂದಾಗಿ ಜಾರುತ್ತವೆ. ಔಷಧಿ ನರ್ಸ್ ಕೊಡ್ತಾರೆ, ಊಟ ಆಸ್ಪತ್ರೆಯದು, ಡ್ರಿಪ್ ಕಿತ್ತು ಹೋದೀತು ಅಂತ ಮಗುವನ್ನು ಮುಟ್ಟೋಕೂ ಭಯ.

ಥೆರಪಿಸ್ಟ್ ಮೇಡಂ ಅಕ್ಕನಿಗೆ ಧೈರ್ಯ ಹೇಳಲಿಲ್ಲವಂತೆ. (ಅದನ್ನ ಬಂದವರೆಲ್ಲ ಹೇಳ್ತಾರೆ, ನಾವೂ ಹೇಳಿದ್ವಿ.) ‘ಮನೇಲಿ ಬೆಳಿಗ್ಗೆ ಇವನಿಗೆ ಏನೇನು ಮಾಡ್ತಿದ್ರಿ?’ ಅಂತ ಕೇಳಿದರಂತೆ. ಅಂಗಿ ತೊಡಿಸ್ತಿದ್ದೆ ಅಂದಾಗ ಅಲ್ಲಿಂದಲೇ ಆರಂಭ. ಮುಂದೆ ಗುಂಡಿ ಇರುವ ಸಡಿಲ ಅಂಗಿ. ತೊಡಿಸುವಾಗ ಡ್ರಿಪ್ ಇರುವ ಕೈ ಮೊದಲು, ಬಿಚ್ಚುವಾಗ ಅದೇ ಕೈ ಕೊನೆಗೆ. ಡೇಟಾ ಸ್ಟ್ರಕ್ಚರ್ಸ್ ಓದಿದವರಿಗೆ ಇದು ಗೊತ್ತು, ಪಕ್ಕಾ ಸ್ಟ್ಯಾಕ್! ಮೊದಲ ಸಲ ನರ್ಸ್ ಪಕ್ಕದಲ್ಲೇ ನಿಂತಿದ್ದರು.

ತಾಯಿಯ ದೇಹವೂ ಲೆಕ್ಕಕ್ಕಿದೆ. ಮಗುವನ್ನು ಎತ್ತುವ ಮೊದಲು ಮಂಚವನ್ನು ಸೊಂಟದ ಎತ್ತರಕ್ಕೆ ತರಬೇಕು, ಮಗುವನ್ನು ಎದೆಗೆ ಹತ್ತಿರ ಹಿಡಿಯಬೇಕು. ದೂರ ಹಿಡಿದಷ್ಟೂ ಬೆನ್ನಿನ ಮೇಲೆ ಟಾರ್ಕ್ ಜಾಸ್ತಿ. ರಾತ್ರಿ ಯಾರು ಎಷ್ಟು ಹೊತ್ತು ಎಚ್ಚರ ಇರಬೇಕು ಅನ್ನೋದಕ್ಕೂ ಅಜ್ಜಿಯ ಜೊತೆ ಸೇರಿ ಒಂದು ಟೈಮ್‌ಟೇಬಲ್ ಹಾಕಿದರಂತೆ.

ಇದೆಲ್ಲ ಬರೀ ಸಮಾಧಾನಕ್ಕೆ ಅನ್ನೋರು ಕಾಂಗರೂ ಆರೈಕೆ ನೋಡಬೇಕು. 1970ರ ದಶಕದ ಕೊನೆಯಲ್ಲಿ ಕೊಲಂಬಿಯಾದ ಬೊಗೊಟಾದಲ್ಲಿ ಇನ್‌ಕ್ಯುಬೇಟರ್‌ಗಳು ಸಾಲದೆ, ಅವಧಿಗೆ ಮುಂಚೆ ಹುಟ್ಟಿದ ಮಕ್ಕಳನ್ನು ವೈದ್ಯರು ತಾಯಂದಿರ ಎದೆಗೇ ಕಟ್ಟಿಸಿದರು. ಇವತ್ತು ವಿಶ್ವ ಆರೋಗ್ಯ ಸಂಸ್ಥೆ ಅಂಥ ಮಕ್ಕಳಿಗೆ ದಿನಕ್ಕೆ 8ರಿಂದ 24 ಗಂಟೆ ಅದನ್ನೇ ಶಿಫಾರಸು ಮಾಡುತ್ತೆ.

ಭಾರತದಲ್ಲಿ ಈ ಥೆರಪಿಯ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ಕಮಲಾ ನಿಂಬ್ಕರ್ ಶುರು ಮಾಡಿದರು. ಆದರೂ ಎಲ್ಲ ಆಸ್ಪತ್ರೆಗಳಲ್ಲೂ ಥೆರಪಿಸ್ಟ್ ಸಿಗೋದಿಲ್ಲ. ನಿಮ್ಮವರು ಯಾರಾದರೂ ಮಗುವಿನ ಜೊತೆ ವಾರ್ಡಿನಲ್ಲಿದ್ರೆ ಒಮ್ಮೆ ಕೇಳಿ ನೋಡಿ.

ಹದಿನೈದು ದಿನ ಬಿಟ್ಟು ಮತ್ತೆ ಹೋದಾಗ ಅಕ್ಕ ನಮ್ಮನ್ನ ಕಾರಿಡಾರಿನಲ್ಲಿ ಇಪ್ಪತ್ತು ನಿಮಿಷ ಕಾಯಿಸಿದರು. ‘ಸಾರಿ ಕಣ್ರೋ, ಅವನಿಗೆ ಅಂಗಿ ಹಾಕ್ತಿದ್ದೆ.’