ಪಂಪ್ ನೀರು ಎಳೆಯುವುದಿಲ್ಲ ಸ್ವಾಮಿ

"ಸಾರ್, ಈ ಪಂಪ್‌ಗೆ ಎಳೆಯೋ ಶಕ್ತಿ ಸಾಲ್ತಾ ಇಲ್ಲ. ಹತ್ತು ಎಚ್‌ಪಿದು ಹಾಕಿಸಿಬಿಡಿ."

ಕಾರ್ಖಾನೆ ಸುತ್ತುವ ನನ್ನ ಕಸುಬಿನಲ್ಲಿ ಈ ಮಾತು ಕಿವಿಗೆ ಬೀಳದ ತಿಂಗಳಿಲ್ಲ. ಫಿಟ್ಟರ್ ಹೇಳಿದರೆ ಬೇಸರವಿಲ್ಲ. ಎಂ.ಟೆಕ್. ಮುಗಿಸಿದ ಪ್ರಾಜೆಕ್ಟ್ ಮ್ಯಾನೇಜರ್ ಹೇಳಿದಾಗ ಮಾತ್ರ ಹಣೆ ಚಚ್ಚಿಕೊಳ್ಳುವಂತಾಗುತ್ತದೆ.

ಜಗತ್ತಿನ ಯಾವ ಪಂಪೂ ನೀರನ್ನು ಎಳೆಯುವುದಿಲ್ಲ. ನೀರೇನು ಹಗ್ಗವೇ, ತುದಿ ಹಿಡಿದು ಸೇದಲಿಕ್ಕೆ? ಪಂಪಿನೊಳಗೆ ಗಿರಗಿರ ತಿರುಗುವ ಇಂಪೆಲ್ಲರ್ ತನ್ನ ನಡುವಿನ ನೀರನ್ನು ಹೊರಕ್ಕೆ ಬೀಸಿ ಅಲ್ಲಿ ಒತ್ತಡ ತಗ್ಗಿಸುತ್ತದೆ. ತೆರವಾದ ಜಾಗಕ್ಕೆ ನೀರನ್ನು ನೂಕಿ ತುಂಬುವುದು ತೊಟ್ಟಿಯ ಮೇಲೆ ಕೂತಿರುವ ಗಾಳಿ. ಆ ಗಾಳಿಯ ಎಚ್‌ಪಿ ಹೆಚ್ಚಿಸಲು ಯಾವ ಕಂಪನಿಯಿಂದಲೂ ಆಗದು. ಕಡಲ ಮಟ್ಟದಲ್ಲಿ ಅದು ತಣ್ಣೀರನ್ನು ಹೆಚ್ಚೆಂದರೆ 10.3 ಮೀಟರ್ ಮೇಲಕ್ಕೆ ನೂಕೀತು. ಸುಮಾರು 920 ಮೀಟರ್ ಎತ್ತರದಲ್ಲಿರುವ ಬೆಂಗಳೂರಿನಲ್ಲಿ 9.3. ಇದೂ ಕಾಗದದ ಮೇಲಿನ ಲೆಕ್ಕ, ಪೈಪು ಬೆಂಡುಗಳು ತಮ್ಮ ಪಾಲು ಕಿತ್ತುಕೊಳ್ಳುವ ಮುಂಚಿನದು.

ಹಗ್ಗದ ಭ್ರಮೆ ಗೆಲಿಲಿಯೋಗೂ ಇತ್ತು. ಪಂಪುಗಳು ಇಂತಿಷ್ಟು ಎತ್ತರದಾಚೆ ನೀರೆತ್ತಲಾರವು ಎಂದು 1638ರ ಪುಸ್ತಕದಲ್ಲಿ ಬರೆದ ಆತ, ನೀರಿನ ಕಂಬ ತನ್ನ ಭಾರಕ್ಕೆ ತಾನೇ ಕಡಿದುಬೀಳುತ್ತದೆ ಎಂದು ಬಗೆದಿದ್ದ. ಟೊರಿಚೆಲ್ಲಿಯ ಪಾದರಸದ ಕೊಳವೆ ಕೆಲವೇ ವರ್ಷಗಳಲ್ಲಿ ಅದನ್ನು ತಿದ್ದಿತು. ನಮ್ಮವರನ್ನು ತಿದ್ದಲು ಹತ್ತಿರ ಹತ್ತಿರ ನಾಲ್ಕು ಶತಮಾನ ಸಾಲದೆ ಹೋಗಿದೆ.

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಹೊರವಲಯದ ಒಂದು ಕಾರ್ಖಾನೆಯವರು ಕರೆದಿದ್ದರು. ತಣಿದ ಉಗಿಯಿಂದ ಬಂದ 90 ಡಿಗ್ರಿ ಬಿಸಿನೀರನ್ನು ಬಾಯ್ಲರ್ ಕಡೆಗೆ ಕಳಿಸುವ ಪಂಪ್, ಬಾಣಲೆಯಲ್ಲಿ ಜಲ್ಲಿ ಹುರಿದಂತೆ ಸದ್ದು ಮಾಡುತ್ತಿತ್ತು. ಅದೇ ಮಾದರಿಯ ಪಂಪ್ ಅವರ ಮಂಗಳೂರಿನ ಘಟಕದಲ್ಲಿ ತೆಪ್ಪಗೆ ಓಡುತ್ತಿದೆಯಂತೆ. "ಅಲ್ಲಿ ಓಡೋದು ಇಲ್ಲಿ ಯಾಕೆ ಓಡಲ್ಲ? ಪೀಸೇ ಸರಿಯಿಲ್ಲ" ಎಂದು ತೀರ್ಮಾನಿಸಿ ದೊಡ್ಡದನ್ನು ತಂದು ಕೂರಿಸಿದ್ದರು. ಸದ್ದು ಇಮ್ಮಡಿಯಾಗಿತ್ತು.

ಲೆಕ್ಕ ನೋಡಿ. ಬಿಸಿನೀರು ತುಸು ಹಗುರ. ಅದರ ಅಳತೆಯಲ್ಲಿ ಮಂಗಳೂರಿನ ಗಾಳಿಯ ನೂಕು 10.7 ಮೀಟರ್, ಬೆಂಗಳೂರಿನದು 9.6. ಈ ಪೈಕಿ 7.4 ಮೀಟರ್, 90 ಡಿಗ್ರಿಯ ನೀರು ಕುದಿಯದಂತೆ ಅದುಮಿಡುವುದಕ್ಕೇ ಖರ್ಚು. ತೊಟ್ಟಿಯೂ ಪಂಪೂ ಒಂದೇ ಮಟ್ಟದಲ್ಲಿದ್ದವು, ಪೈಪು ಸ್ಟ್ರೈನರುಗಳು ಅರ್ಧ ಮೀಟರ್ ತಿನ್ನುತ್ತಿದ್ದವು. ಕೊನೆಗೆ ಉಳಿದದ್ದು ಮಂಗಳೂರಿನಲ್ಲಿ 2.8 ಮೀಟರ್, ಬೆಂಗಳೂರಿನಲ್ಲಿ 1.7. ಪಂಪ್ ಕೇಳುತ್ತಿದ್ದದ್ದು 2.5. ಅಲ್ಲಿ ಪಾಸು, ಇಲ್ಲಿ ಫೇಲು. ಕೊರತೆ ಬಿದ್ದಾಗ ನೀರು ಇಂಪೆಲ್ಲರಿನ ಬಾಯಲ್ಲೇ ಕುದಿಯುತ್ತದೆ, ಗುಳ್ಳೆಗಳು ಮುಂದಿನ ಒತ್ತಡಕ್ಕೆ ಸಿಕ್ಕಿ ಒಡೆಯುತ್ತ ಲೋಹಕ್ಕೆ ಏಟು ಹಾಕುತ್ತವೆ. ಬಿಚ್ಚಿ ನೋಡಿದರೆ ಗೆದ್ದಲು ಹಿಡಿದ ಹಲಗೆಯಂತಾಗಿತ್ತು ಇಂಪೆಲ್ಲರ್.

ಹೊಸ ದೊಡ್ಡ ಪಂಪ್ ಕೇಳುತ್ತಿದ್ದದ್ದು 3.5 ಮೀಟರ್. ಅಡುಗೆ ಸಾಲದಿದ್ದಾಗ ಇನ್ನೂ ದೊಡ್ಡ ಹೊಟ್ಟೆಯವನನ್ನು ಕರೆತಂದು ಪಂಕ್ತಿಗೆ ಕೂರಿಸಿದಂತಾಯಿತು. ತೊಟ್ಟಿಯನ್ನು ಎರಡು ಮೀಟರ್ ಎತ್ತರದ ಕಬ್ಬಿಣದ ಸ್ಟ್ಯಾಂಡ್ ಮೇಲಿಡಿಸಿ, ಹಳೆಯ ಪಂಪಿಗೇ ಹೊಸ ಇಂಪೆಲ್ಲರ್ ಹಾಕಿಸಿದೆ. ಸದ್ದು ನಿಂತಿತು. ದೊಡ್ಡ ಪಂಪ್ ಈಗಲೂ ಅವರ ಗೋದಾಮಿನಲ್ಲಿ ಟಾರ್ಪಾಲು ಹೊದ್ದು ಮಲಗಿದೆ.

ಇದೇ ಮೂಢನಂಬಿಕೆಯ ತಮ್ಮ ವ್ಯಾಕ್ಯೂಮ್ ಪಂಪಿನ ಹತ್ತಿರ ಸಿಗುತ್ತಾನೆ. ಗೇಜಿನ ಮುಖದ ಮೇಲೆ 760 ಎಂದು ಅಚ್ಚಾಗಿದೆಯಲ್ಲ, ಮುಳ್ಳು ಅಲ್ಲಿಗೆ ಹೋಗಲೇಬೇಕೆಂಬ ಹಟ. ಬೆಂಗಳೂರಿನ ಇಡೀ ವಾತಾವರಣ ತೂಗಿದರೂ ಪಾದರಸದ ಲೆಕ್ಕದಲ್ಲಿ 685 ಮಿಲಿಮೀಟರ್ ಆಸುಪಾಸು. ಇರುವುದನ್ನೆಲ್ಲ ತೆಗೆದಮೇಲೆ ಇನ್ನೇನು ತೆಗೆಯುವುದು? ವಾಟರ್ ರಿಂಗ್ ಪಂಪಾದರೆ ಒಳಗಿನ ನೀರೇ ಆವಿಯಾಗತೊಡಗುತ್ತದೆ, 30 ಡಿಗ್ರಿಯ ನೀರಿದ್ದರೆ 650 ದಾಟುವುದೇ ಕಷ್ಟ. ಆದರೂ ಟೆಂಡರಿನಲ್ಲಿ 700 ಕೇಳುವವರಿದ್ದಾರೆ. ಕೊಡುತ್ತೇನೆಂದು ಸಹಿ ಹಾಕುವವರೂ ಇದ್ದಾರೆ.

ಉಳಿದವಕ್ಕೆ ಒಂದೊಂದು ಸಾಲು ಸಾಕು. ಸ್ಟೇನ್‌ಲೆಸ್ ಸ್ಟೀಲ್ ಎಲ್ಲವನ್ನೂ ತಡೆದುಕೊಳ್ಳುತ್ತದೆ ಎನ್ನುವವರು 316 ದರ್ಜೆಯ ತುಂಡೊಂದನ್ನು ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಬಿಟ್ಟು ನೋಡಲಿ. ಅಪಾರ್ಟ್‌ಮೆಂಟಿನ ಕೊಳಚೆ ನೀರಿನ ಘಟಕಕ್ಕೆ "ಹೈ ಪ್ರೆಶರ್" ರೂಟ್ಸ್ ಬ್ಲೋವರ್ ಹುಡುಕುವವರಿಗೆ ತಿಳಿದಿರಲಿ, ಅದರ ಒತ್ತಡ ಗೊತ್ತುಮಾಡುವುದು ಮುಂದಿರುವ ನೀರಿನ ಆಳ, ನಾಲ್ಕು ಮೀಟರಿಗೆ ಸುಮಾರು 0.4 ಬಾರ್. ಇನ್ನು ಸೆಂಟ್ರಿಫ್ಯೂಗಲ್ ಪಂಪಿನಂತೆ ಗೇರ್ ಪಂಪಿನ ಡೆಲಿವರಿ ವಾಲ್ವನ್ನೂ ಮುಚ್ಚಿ ಚಾಲೂ ಮಾಡುವವರು ದಯವಿಟ್ಟು ನಾನು ಗೇಟು ದಾಟಿದ ಮೇಲೆ ಮಾಡಿ.

ನನ್ನ ಸಿಟ್ಟು ಪಂಪಿನ ಮೇಲಲ್ಲ. ಎರಡು ಅಂಕಿ ಕೂಡಿ ಕಳೆದರೆ ತಿಳಿಯುವುದನ್ನು "ಎಲ್ಲರೂ ಹಾಗೇ ಹಾಕ್ತಾರೆ" ಎಂಬ ಮಾತಿಗೆ ಒಪ್ಪಿಸಿಬಿಡುವ ಬುದ್ಧಿಯ ಮೇಲೆ. ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಅಂತರ್ಜಲ ಹುಡುಕುವ ರೈತನನ್ನು ಕಂಡು ಇದೇ ಜನ ನಗುತ್ತಾರೆ. ಆ ರೈತ ತೆರೆದ ಬಾವಿಯಲ್ಲಿ ನೀರು ಇಳಿದಾಗ ದೊಡ್ಡ ಮೋಟರ್ ತರಲಿಲ್ಲ. ಇದ್ದ ಮೋಟರಿಗೇ ಹಗ್ಗ ಕಟ್ಟಿ ಬಾವಿಯೊಳಗಿನ ಕಟ್ಟೆಗೆ ಇಳಿಸಿದ. ಎಲ್ಲಿ ಅಗೆಯಬೇಕೆಂದು ಕಾಯಿಯನ್ನು ಕೇಳಿದವನೂ, ಪಂಪ್ ಎಲ್ಲಿರಬೇಕೆಂದು ನೀರನ್ನೇ ಕೇಳಿದ. ನಮ್ಮವರು ಕೇಳುವುದು ಕ್ಯಾಟಲಾಗನ್ನು, ಅದರಲ್ಲೂ ಮುಖಪುಟವನ್ನು.

ದೊಡ್ಡ ಪಂಪಿಗೆ ಬರೆಯುವ ಮುನ್ನ ಸಕ್ಷನ್ ಪೈಪಿನ ಸ್ಟ್ರೈನರನ್ನಾದರೂ ಬಿಚ್ಚಿ ನೋಡಿ. ಮೊನ್ನೆ ಒಂದು ಕಡೆ ಬಿಚ್ಚಿಸಿದರೆ ಒಳಗೆ ವೆಲ್ಡರನ ಕೈಗವಸು ಸಿಕ್ಕಿತು. ಹದಿನೈದು ಎಚ್‌ಪಿ ಪಂಪಿಗೆ ಆರ್ಡರ್ ಆಗಲೇ ಹೋಗಿತ್ತು.