ರಾಜೀವ್ ಹತ್ಯೆ: ಪುಸ್ತಕ, ವೆಬ್ ಸೀರೀಸ್ ಮತ್ತು ಕೋಣನಕುಂಟೆಯ ಆ ಮನೆ

ಇವತ್ತಿನ ಸಂಚಿಕೆ ಹುಟ್ಟಿದ್ದು ನಾನು ಕೊಟ್ಟ ಒಂದು ತಪ್ಪು ಉತ್ತರದಿಂದ.

ಗುಬ್ಬಿಯಿಂದ ತುಮಕೂರಿಗೆ ಬಸ್ಸಲ್ಲಿ ಬರ್ತಾ ಮೊಬೈಲಲ್ಲಿ ‘ದ ಹಂಟ್’ ನೋಡ್ತಿದ್ದೆ. ಪಕ್ಕದಲ್ಲಿದ್ದ ದೊಡ್ಡಮ್ಮ ಇಣುಕಿ ನೋಡಿ, “ರಾಜೀವ್ ಗಾಂಧಿ ಕೇಸಲ್ವೇನೋ? ಕೊನೆಗೆ ಅವರಿಗೆಲ್ಲ ಗಲ್ಲಾಯ್ತಾ?” ಅಂದರು. ನಾನು ಧೈರ್ಯವಾಗಿ “ಹೂಂ” ಅಂದೆ. ನಿಜ ಏನಂದ್ರೆ, ಒಬ್ಬರಿಗೂ ಆಗಿಲ್ಲ.

ಮೊದಲು ಪುಸ್ತಕ. ಆಗ ಇಂಡಿಯಾ ಟುಡೇ ವರದಿಗಾರರಾಗಿದ್ದ ಅನಿರುದ್ಧ್ಯ ಮಿತ್ರ 2022ರಲ್ಲಿ ‘ನೈಂಟಿ ಡೇಸ್’ ಬರೆದರು. ಅದನ್ನಾಧರಿಸಿ ನಾಗೇಶ್ ಕುಕುನೂರ್ ಮಾಡಿದ ಏಳು ಕಂತುಗಳ ಸೀರೀಸ್ 2025ರ ಜುಲೈನಲ್ಲಿ ಸೋನಿ ಲಿವ್‌ನಲ್ಲಿ ಬಂತು. ತನಿಖಾ ತಂಡದ ಮುಖ್ಯಸ್ಥ ಡಿ.ಆರ್. ಕಾರ್ತಿಕೇಯನ್ ಪಾತ್ರದಲ್ಲಿ ಅಮಿತ್ ಸಿಯಾಲ್. ಕಾರ್ತಿಕೇಯನ್ ನಮ್ಮ ಕರ್ನಾಟಕ ಕೇಡರ್‌ನ ಐಪಿಎಸ್ ಅಧಿಕಾರಿ.

1991ರ ಮೇ 21ರ ರಾತ್ರಿ ಶ್ರೀಪೆರಂಬುದೂರಿನಲ್ಲಿ ಬಾಂಬ್ ಸಿಡಿದಾಗ ಫೋಟೋಗ್ರಾಫರ್ ಹರಿಬಾಬು ಕೂಡ ಸತ್ತ, ಅವನ ಕ್ಯಾಮೆರಾ ಉಳೀತು. ಅದರೊಳಗಿದ್ದ ಹತ್ತು ಫೋಟೋಗಳೇ ತನಿಖೆಯ ದಾರಿ ತೆರೆದವು. ಒಂದರಲ್ಲಿ ಹಾರ ಹಿಡಿದ ಧನು ಇದ್ದಳು. ಪತ್ರಕರ್ತನ ಹಾಗೆ ಕುರ್ತಾ ಪೈಜಾಮ ಹಾಕಿಕೊಂಡ ಶಿವರಾಸನ್ ಕೂಡ ಫೋಟೋದಲ್ಲಿ ಸಿಕ್ಕಿಬಿದ್ದ.

ಪುಸ್ತಕದಲ್ಲಿ ವರದಿಗಾರನ ದನಿ ಇದೆ. ಹಾಗಾಗಿ ಓದುವಾಗ “ಇದನ್ನ ಇವರಿಗೆ ಯಾರು ಹೇಳಿದರು?” ಅಂತ ಒಂದು ನಿಮಿಷ ನಿಂತು ಕೇಳಬಹುದು. ಪರದೆ ಮೇಲೆ ಆ ಬಿಡುವು ಸಿಗಲ್ಲ. ಹಿನ್ನೆಲೆ ಸಂಗೀತ ಜೋರಾಯ್ತು ಅಂದ್ರೆ ಅಧಿಕಾರಿಯ ಅನುಮಾನವೇ ನಮಗೆ ಸಾಕ್ಷಿ ಆಗಿಬಿಡುತ್ತೆ.

ಇನ್ನು ಬೆಂಗಳೂರಿನ ಭಾಗ. ಶಿವರಾಸನ್ ಗುಂಪು ಕೊನೆಗೆ ಅಡಗಿದ್ದು ಕೋಣನಕುಂಟೆಯ ಬಾಡಿಗೆ ಮನೆಯಲ್ಲಿ. ಮನೆ ಪತ್ತೆಯಾದ ಮೇಲೂ ಪೊಲೀಸರು ತಕ್ಷಣ ನುಗ್ಗಲಿಲ್ಲ, ಕಮಾಂಡೋಗಳಿಗಾಗಿ ಕಾದರು. ಆಗಸ್ಟ್ 20ರ ಬೆಳಗ್ಗೆ ಒಳಗೆ ಹೋದಾಗ ಸಿಕ್ಕಿದ್ದು ಏಳು ಹೆಣ. ಅವತ್ತು ರಾಜೀವ್ ಹುಟ್ಟಿದ ದಿನ. ಪುಸ್ತಕ, ಸೀರೀಸ್ ಎರಡೂ ಈ ಕಾಯುವಿಕೆಯನ್ನ ತನಿಖಾ ತಂಡದ ಕಡೆಯಿಂದ, ಅಂದ್ರೆ ಬಾಗಿಲ ಹೊರಗಿನಿಂದ ತೋರಿಸುತ್ತವೆ.

ಒಳಗಿನಿಂದ ತೋರಿಸಿದ್ದು ನಮ್ಮ ಕನ್ನಡ ಸಿನಿಮಾ. ಎ.ಎಂ.ಆರ್. ರಮೇಶ್ ಅವರ 2006ರ ‘ಸೈನೈಡ್’ ಮಿತ್ರರ ಪುಸ್ತಕಕ್ಕಿಂತ ಎಷ್ಟೋ ವರ್ಷ ಮೊದಲೇ ಬಂದಿತ್ತು. ರವಿ ಕಾಳೆ ಶಿವರಾಸನ್ ಆಗಿದ್ದರು. ಆಶ್ರಯ ಕೊಟ್ಟ ರಂಗನಾಥ್ ಪಾತ್ರ ರಂಗಾಯಣ ರಘು ಅವರದು, ಹೆಂಡತಿಯ ಪಾತ್ರ ತಾರಾ ಅವರದು. ಮನೆಗೆ ಬಂದವರು ಯಾರು ಅಂತ ಗೊತ್ತಾದ ಮೇಲೂ ಅವರಿಗೇ ಅಡುಗೆ ಮಾಡಬೇಕಾದ ಹೆಂಗಸಿನ ಭಯ ಯಾವ ಕೇಸ್ ಫೈಲಲ್ಲಿ ಸಿಗುತ್ತೆ ಹೇಳಿ? ಆದರೆ ಅದೂ ನಿರ್ದೇಶಕರು ಕಟ್ಟಿದ ಕಥೆಯೇ, ದಾಖಲೆ ಅಲ್ಲ. ಇದನ್ನ ಮರೆಯೋ ಹಾಗಿಲ್ಲ.

ಬೆಂಗಳೂರಿನ ಮಾತೇ ಯಾಕೆ? ಕುಣಿಗಲ್‌ನಿಂದ ಹುಲಿಯೂರುದುರ್ಗ ದಾಟಿದ್ರೆ ಮದ್ದೂರು, ಮಂಡ್ಯ ಜಿಲ್ಲೆ. ಅದೇ ಜಿಲ್ಲೆಯ ಮುತ್ತತ್ತಿಯಲ್ಲೂ ಎಲ್‌ಟಿಟಿಇಯವರು ಅಡಗಿದ್ದರು, ಪೊಲೀಸರು ಬಂದಾಗ ಸೈನೈಡ್ ನುಂಗಿದರು. ನಮ್ಮ ಪಕ್ಕದ ಊರಿನ ಕಥೆ ಇದು.

ಈಗ ದೊಡ್ಡಮ್ಮನ ಪ್ರಶ್ನೆಗೆ ಬರೋಣ. 1998ರ ಜನವರಿಯಲ್ಲಿ ಟಾಡಾ ಕೋರ್ಟು 26 ಜನರಿಗೂ ಗಲ್ಲು ವಿಧಿಸಿತು. 1999ರ ಮೇ 11ರಂದು ಸುಪ್ರೀಂ ಕೋರ್ಟ್ ನಾಲ್ವರಿಗೆ ಮಾತ್ರ ಗಲ್ಲು ಉಳಿಸಿ, ಮೂವರಿಗೆ ಜೀವಾವಧಿ ಕೊಟ್ಟು, 19 ಜನರನ್ನ ಕೊಲೆ ಸಂಚಿನ ಆರೋಪದಿಂದ ಬಿಟ್ಟಿತು. ಆ 19ರಲ್ಲಿ ರಂಗನಾಥ್ ಕೂಡ ಒಬ್ಬರು. ಆಶ್ರಯ ಕೊಟ್ಟಿದ್ದು ಬೇರೆ ಅಪರಾಧ, ಕೊಲೆಗೆ ಸಂಚು ಮಾಡಿದ್ದು ಬೇರೆ ಅಪರಾಧ. ಮುಂದೆ ಆ ನಾಲ್ವರ ಗಲ್ಲೂ ಜೀವಾವಧಿಗೆ ಇಳೀತು. 2022ರಲ್ಲಿ ಪೆರಾರಿವಾಳನ್, ಆಮೇಲೆ ಉಳಿದ ಆರು ಜನ ಹೊರಗೆ ಬಂದರು.

ಬೇಟೆ ಮುಗಿಯೋಕೆ ಮೂರು ತಿಂಗಳು ಸಾಕಾಯ್ತು, ಕೇಸು ಮುಗಿಯೋಕೆ 31 ವರ್ಷ ಬೇಕಾಯ್ತು. ಆ ವರ್ಷಗಳಲ್ಲಿ ಓಟ ಇಲ್ಲ, ಗುಂಡಿನ ಸದ್ದಿಲ್ಲ. ಅದಕ್ಕೇ ನಮ್ಮ ತಲೆಯಲ್ಲಿ ಉಳಿಯೋದು ಬೇಟೆ ಮಾತ್ರ. ಪರದೆ ಮೇಲೆ ಒಂದು ಸಲ ಅಪರಾಧಿ ಅನ್ನಿಸಿಕೊಂಡವರನ್ನ ಕೋರ್ಟು ಬಿಟ್ಟರೂ ನಾವು ಬಿಡಲ್ಲ.

ಸೀರೀಸ್ ನೋಡಿ, ‘ಸೈನೈಡ್’ ಕೂಡ ನೋಡಿ. ಆದರೆ ನೋಡಿ ಮುಗಿಸಿದ ಮೇಲೆ ತೀರ್ಪು ಏನಾಯ್ತು ಅಂತ ಐದು ನಿಮಿಷ ಹುಡುಕಿ. ನಾನಂತೂ ದೊಡ್ಡಮ್ಮನಿಗೆ ಫೋನ್ ಮಾಡಿ ಸರಿಯಾದ ಉತ್ತರ ಹೇಳಿದೀನಿ. ಅವರು ಅಂದಿದ್ದು ಇಷ್ಟೇ: “ಗೊತ್ತಿಲ್ಲ ಅಂದಿದ್ರೆ ಆಗ್ತಿತ್ತಲ್ಲೋ!”