ನಿಮಗಿದು ಗೊತ್ತೆ? ಅಕ್ವೇರಿಯಂ ಗಾಜಿಗೆ ಕಲ್ಲಿನ ಮೊನೆಯೇ ಅಪಾಯ

ಆದಿತ್ಯನಗರ, ಸೇಡಂ, ವಾಡಿ ಸುತ್ತ ನೆಲದಡಿ ಇರುವುದು ಸುಣ್ಣಕಲ್ಲು. ಸಿಮೆಂಟ್ ಕಾರ್ಖಾನೆಗೆ ಹೋಗುವುದೂ ಇದೇ, ಶಹಾಬಾದ್ ಪರ್ಸಿಯಾಗಿ ಮನೆಯ ನೆಲಕ್ಕೆ ಬರುವುದೂ ಇದೇ. ಮೀನಿನ ತೊಟ್ಟಿಯೊಳಗೂ ಇದು ಬಲು ಚೆಂದ. ಆದರೆ ಗಾಜಿನ ತಳ ಉಳಿಯಬೇಕಲ್ಲ!

ಒಂದೂವರೆ ಅಡಿ ನೀರು ತಳದ ಪ್ರತಿ ಚದರ ಸೆಂಟಿಮೀಟರಿಗೆ ಹಾಕುವ ಭಾರ ಸುಮಾರು 45 ಗ್ರಾಂ, ಅದೂ ಎಲ್ಲೆಡೆ ಸಮನಾಗಿ. 10 ಕಿಲೋ ಕಲ್ಲು ನೀರಿನಲ್ಲಿ ಮುಳುಗಿದಾಗ ಆರು ಕಿಲೋ ಚಿಲ್ಲರೆ ಮಾತ್ರ ತೂಗುತ್ತದೆ. ಆದರೂ ಅಷ್ಟೂ ಭಾರ ಒಂದೇ ಚೂಪು ಮೂಲೆಯ ಮೇಲೆ ನಿಂತರೆ ಗಾಜು ಬಿರುಕು ಬಿಡಬಹುದು. ಪದರ ಪದರವಾಗಿ ಏಳುವ ನಮ್ಮ ಪರ್ಸಿಯ ಚಪ್ಪಟೆ ಮೈ ಇಲ್ಲಿ ನಿಜಕ್ಕೂ ವರ. ಉಳಿದ ಕಲ್ಲುಗಳ ಅಡಿಗೆ ತೆಳು ಥರ್ಮಾಕೋಲ್ ಅಥವಾ ಚೌಕುಳಿ ಪ್ಲಾಸ್ಟಿಕ್ ಜಾಳಿಗೆ ಹಾಸಿದರೆ ಭಾರ ಹರಡಿಕೊಳ್ಳುತ್ತದೆ.

ಕಲ್ಲು ಮೊದಲು, ಮರಳು ಆಮೇಲೆ. ಮರಳಿನ ಮೇಲೆ ಕಲ್ಲಿಟ್ಟರೆ ಸಿಕ್ಲಿಡ್ ಮೀನುಗಳು ಬುಡ ಕೆದರುತ್ತವೆ, ಕಲ್ಲು ಉರುಳಿ ಗಾಜಿಗೆ ಬಡಿಯುತ್ತದೆ.

ಇನ್ನೊಂದು ಮಾತು. ಸುಣ್ಣಕಲ್ಲು ನಿಧಾನವಾಗಿ ಕರಗಿ ನೀರನ್ನು ಗಡಸು ಮಾಡುತ್ತದೆ. ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳಿಗೆ ಅದು ಹಿತ. ಮೆದು ನೀರಿನ ಡಿಸ್ಕಸ್, ನಿಯಾನ್ ಟೆಟ್ರಾಗಳಿಗೆ ಒಗ್ಗದು. ಅಂಥ ಮೀನು ಸಾಕುವವರು ಕಲ್ಲಿನ ಮೇಲೆ ನಾಲ್ಕು ಹನಿ ವಿನೆಗರ್ ಬಿಟ್ಟು ನೋಡಿ. ಬುರುಗು ಎದ್ದರೆ ಆ ಕಲ್ಲನ್ನು ತೊಟ್ಟಿಗೆ ಹಾಕಬೇಡಿ.